ಶಾಲೆಯ ಕೋಣೆಗೇ ಬಂದ ವೈದ್ಯ: ಆಲ್ಫ್ರೆಡ್ ಆಡ್ಲರ್ ಮತ್ತು ಮಕ್ಕಳ ಮಾರ್ಗದರ್ಶನ ಕೇಂದ್ರ

ನಿಮ್ಮ ಮಗುವನ್ನು ಒಮ್ಮೆ ಚೈಲ್ಡ್ ಗೈಡೆನ್ಸ್ ಕ್ಲಿನಿಕ್‌ಗೆ ತೋರಿಸಿ ಎಂದು ಶಾಲೆಯವರು ಹೇಳಿದರೆ ಎರಡು ಭಯಗಳು ಕಾಡುವುದು ಸಹಜ. ಮಗುವಿಗೆ ದೊಡ್ಡ ಕಾಯಿಲೆ ಏನಾದರೂ ಇದೆಯೇ? ತಪ್ಪೆಲ್ಲ ನಿಮ್ಮದೇ ಎನ್ನುತ್ತಾರೆಯೇ? ಇಂಥ ಭಯಕ್ಕೆ ಎಡೆಯಿಲ್ಲದಂತೆ ಕೇಂದ್ರ ನಡೆಸುವುದು ಹೇಗೆಂದು ನೂರು ವರ್ಷಗಳ ಹಿಂದೆಯೇ ಯೋಚಿಸಿದವರು ಆಸ್ಟ್ರಿಯಾದ ವೈದ್ಯ ಆಲ್ಫ್ರೆಡ್ ಆಡ್ಲರ್.

ಕಾಯಿಲೆಯ ಬಾಲ್ಯ

ಆಡ್ಲರ್ ಹುಟ್ಟಿದ್ದು 1870ರ ಫೆಬ್ರುವರಿ 7ರಂದು, ವಿಯೆನ್ನಾದ ಅಂಚಿನಲ್ಲಿ. ತಂದೆ ಧಾನ್ಯದ ವ್ಯಾಪಾರಿ. ಮೂಳೆಗಳು ಮೆದುವಾಗುವ ರಿಕೆಟ್ಸ್‌ನಿಂದಾಗಿ ಬಾಲಕನಿಗೆ ಓಡಾಡುವುದೇ ಕಷ್ಟವಾಗಿತ್ತು. ತಮ್ಮನೊಬ್ಬ ಚಿಕ್ಕಂದಿನಲ್ಲೇ ತೀರಿಕೊಂಡ. ಮುಂದೆ ನ್ಯುಮೋನಿಯಾ ಬಂದಾಗ ಆಡ್ಲರ್ ಸಹ ಸಾವಿನ ಸಮೀಪ ಹೋಗಿ ಬಂದರು. ವೈದ್ಯನಾಗಬೇಕೆಂಬ ಆಸೆ ಅಲ್ಲಿಂದಲೇ ಮೊಳೆಯಿತು. 1895ರಲ್ಲಿ ಅವರು ವೈದ್ಯ ಪದವಿ ಪಡೆದರು.

1902ರಲ್ಲಿ ಸಿಗ್ಮಂಡ್ ಫ್ರಾಯ್ಡ್ ಅವರ ಚರ್ಚಾಕೂಟ ಸೇರಿದ ಆಡ್ಲರ್, 1911ರಲ್ಲಿ ಭಿನ್ನಾಭಿಪ್ರಾಯದಿಂದ ಹೊರಬಂದರು. ನಾವು ದಿನವೂ ಆಡುವ ‘ಕೀಳರಿಮೆ’ಯ ಮಾತು ಮನಶ್ಶಾಸ್ತ್ರದಲ್ಲಿ ನೆಲೆಯೂರಿದ್ದು ಮುಖ್ಯವಾಗಿ ಅವರಿಂದ. ಹಟ, ಸುಳ್ಳು, ಶಾಲೆ ತಪ್ಪಿಸುವುದು ಇವೆಲ್ಲ ಅನೇಕ ವೇಳೆ ಧೈರ್ಯಗೆಟ್ಟ ಮಗು ತನಗೊಂದು ಸ್ಥಾನ ಹುಡುಕುವ ದಾರಿಗಳು ಎಂದು ಅವರು ಕಂಡುಕೊಂಡರು.

ಕೇಂದ್ರ ನಡೆದ ರೀತಿ

ಮೊದಲ ಮಹಾಯುದ್ಧದಲ್ಲಿ ಆಡ್ಲರ್ ಸೇನಾ ವೈದ್ಯರಾಗಿದ್ದರು. ಯುದ್ಧ ಮುಗಿದಾಗ ವಿಯೆನ್ನಾದಲ್ಲಿ ಹಸಿವು ತುಂಬಿತ್ತು. ಎಷ್ಟೋ ಮಕ್ಕಳು ತಂದೆಯನ್ನು ಕಳೆದುಕೊಂಡಿದ್ದರು. ಶಾಲಾ ಸುಧಾರಣೆಗೆ ಕೈಹಾಕಿದ ನಗರಾಡಳಿತದ ಬೆಂಬಲದಿಂದ ಅವರು ಬಡಾವಣೆಗಳಲ್ಲಿ ಮಕ್ಕಳ ಮಾರ್ಗದರ್ಶನ ಕೇಂದ್ರಗಳನ್ನು ಆರಂಭಿಸಿದರು. 1920ರ ದಶಕದ ಕೊನೆಗೆ ಇಂಥ ಕೇಂದ್ರಗಳು 20ಕ್ಕೂ ಹೆಚ್ಚಿದ್ದವು. ಹಲವು ನಡೆಯುತ್ತಿದ್ದುದು ಶಾಲೆಯ ಕೋಣೆಗಳಲ್ಲೇ, ಶುಲ್ಕವಿಲ್ಲದೆ.

ಮೊದಲು ಶಿಕ್ಷಕರು ಮಗುವಿನ ವರದಿ ಕೊಡುತ್ತಿದ್ದರು. ಬಳಿಕ ತಾಯಿ ಅಥವಾ ತಂದೆಯ ಜೊತೆ ಮಾತು, ಆಮೇಲೆ ಮಗುವಿನ ಜೊತೆ. ಪೋಷಕರನ್ನು ದೂಷಿಸಬಾರದು ಎಂಬುದು ಆಡ್ಲರ್ ಅವರ ಮುಖ್ಯ ಸೂಚನೆ. ಅವಮಾನಗೊಂಡ ತಾಯಿ ಮತ್ತೆ ಬರುವುದಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಮನೆ ಮತ್ತು ಶಾಲೆ ಒಂದೇ ದಾರಿಯಲ್ಲಿ ನಡೆದರೆ ಮಾತ್ರ ಮಗು ಬದಲಾಗುತ್ತದೆ ಎಂದು ಅವರು ನಂಬಿದ್ದರು. ಇತರ ಶಿಕ್ಷಕರೂ ಕುಳಿತು ಕಲಿಯುತ್ತಿದ್ದರು. ಇಂದಿನ ಕೇಂದ್ರಗಳಲ್ಲಿ ನಿಮ್ಮ ಮಾತು ಗೋಪ್ಯವಾಗಿರಬೇಕು; ಬೇರೆಯವರ ಎದುರು ಮಾತಾಡಲು ಇಷ್ಟವಿಲ್ಲದಿದ್ದರೆ ಹಾಗೆಂದು ಹೇಳಿ.

ಮುಚ್ಚಿದರೂ ಉಳಿದದ್ದು

1934ರಲ್ಲಿ ಆಸ್ಟ್ರಿಯಾದಲ್ಲಿ ಸರ್ವಾಧಿಕಾರಿ ಆಡಳಿತ ಈ ಕೇಂದ್ರಗಳನ್ನು ಮುಚ್ಚಿಸಿತು. ಆಡ್ಲರ್ ಅಮೆರಿಕದಲ್ಲಿ ನೆಲೆಸಿದರು. 1937ರ ಮೇ 28ರಂದು ಉಪನ್ಯಾಸ ಪ್ರವಾಸದಲ್ಲಿದ್ದಾಗ ಸ್ಕಾಟ್ಲೆಂಡಿನ ಅಬರ್ಡೀನ್‌ನ ಬೀದಿಯಲ್ಲಿ ಕುಸಿದು ತೀರಿಕೊಂಡರು. ಅದೇ ವರ್ಷ ಮುಂಬೈಯಲ್ಲಿ, ಇಂದು ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಎನಿಸಿರುವ ಶಾಲೆ ಮಕ್ಕಳ ಮಾರ್ಗದರ್ಶನ ಕೇಂದ್ರವನ್ನು ತೆರೆಯಿತು. ಅದು ಆಡ್ಲರ್ ಅವರದ್ದಲ್ಲ; ಆದರೆ ಮಗುವನ್ನು ಮನೆ, ಶಾಲೆಗಳೊಂದಿಗೆ ಸೇರಿಸಿ ನೋಡಬೇಕೆಂಬ ಕಾಳಜಿ ಎರಡಕ್ಕೂ ಸಮಾನ.

ನೀವು ಏನು ಮಾಡಬಹುದು?

ಎಲ್ಲ ತೊಂದರೆಯೂ ಧೈರ್ಯಗೆಟ್ಟದ್ದರಿಂದ ಬರುವುದಿಲ್ಲ. ಆಟಿಸಂ, ಎಡಿಎಚ್‌ಡಿ, ಕಲಿಕೆಯ ತೊಂದರೆಗಳಿಗೆ ಮಿದುಳಿನ ಬೆಳವಣಿಗೆಯ ಕಾರಣಗಳಿವೆ ಎಂಬುದು ಈಗ ತಿಳಿದಿದೆ. ಆದ್ದರಿಂದ ದೃಷ್ಟಿ, ಶ್ರವಣ ಮತ್ತು ಕಲಿಕೆಯ ಪರೀಕ್ಷೆಗಳನ್ನೂ ಮಾಡಿಸುವಂತೆ ಹೇಳಬಹುದು.

ಹೋಗುವಾಗ ಶಿಕ್ಷಕರಿಂದ ಒಂದು ಪುಟದ ಟಿಪ್ಪಣಿ ಪಡೆಯಿರಿ. ತೊಂದರೆ ಯಾವಾಗ ಶುರುವಾಯಿತು, ಆಗ ಮನೆಯಲ್ಲಿ ಏನು ಬದಲಾಗಿತ್ತು ಎಂಬುದನ್ನು ಬರೆದುಕೊಳ್ಳಿ. ಮಗು ಚೆನ್ನಾಗಿ ಮಾಡುವ ಕೆಲಸಗಳನ್ನೂ ಸೇರಿಸಿ. ಎಲ್ಲಿಗೆ ಹೋಗಬೇಕೆಂದು ತಿಳಿಯದಿದ್ದರೆ ಟೆಲಿ-ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಿ. ನೀವು ಯಾವ ಊರಲ್ಲಿದ್ದರೂ ಕನ್ನಡದಲ್ಲಿ ಮಾತಾಡಬೇಕೆಂದು ಕೇಳಿ.