ಹಸಿರು ಹೊನ್ನಿನ ಮೇಷ್ಟ್ರು ಕಲಿಸಿದ ಪಾಠ

ಯುಗಾದಿಗೆ ಜಗಳೂರಿನ ಹತ್ತಿರದ ನಮ್ಮ ಹಳ್ಳಿಗೆ ಹೋಗಿದ್ದಾಗ, ಕಾಲೇಜಿನಲ್ಲಿ ಏನು ಪ್ರಾಜೆಕ್ಟ್ ಮಾಡುತ್ತಿದ್ದೀಯ ಎಂದು ಅಜ್ಜ ಕೇಳಿದರು. ನಾನು ಬಿ.ಇ. ಮೂರನೇ ವರ್ಷದ ವಿದ್ಯಾರ್ಥಿ. ಸಾಯಿಲ್ ಮಾಯಿಶ್ಚರ್ ಸೆನ್ಸರ್, ಮೈಕ್ರೋಕಂಟ್ರೋಲರ್, ಥ್ರೆಶೋಲ್ಡ್ ವ್ಯಾಲ್ಯೂ ಎಂದು ಐದು ನಿಮಿಷ ಮಾತಾಡಿದೆ. ಅಜ್ಜ ಸುಮ್ಮನೆ ತಲೆಯಾಡಿಸಿ ಎದ್ದು ಹೋದರು. ಜೀವನವಿಡೀ ಹೊಲದಲ್ಲಿ ದುಡಿದವರಿಗೆ ಮಣ್ಣಿನ ತೇವದ ವಿಷಯ ಹೇಳಲು ನನಗೆ ಬರಲಿಲ್ಲ. ಹಾಸ್ಟೆಲ್ಲಿಗೆ ಬಂದು ಇದನ್ನು ಹೇಳಿಕೊಂಡರೆ ಚನ್ನಗಿರಿ, ಹೊನ್ನಾಳಿ, ನ್ಯಾಮತಿಯ ನನ್ನ ಮೂವರು ರೂಮ್‌ಮೇಟ್‌ಗಳೂ ನಕ್ಕರು. ಅವರ ಮನೆಗಳಲ್ಲೂ ಇದೇ ಕತೆ.

ಅದೇ ವಾರ ಲೈಬ್ರರಿಯಲ್ಲಿ ಬಿ.ಜಿ.ಎಲ್. ಸ್ವಾಮಿಯವರ ‘ಹಸಿರು ಹೊನ್ನು’ ಕೈಗೆ ಸಿಕ್ಕಿತು.

ಸ್ವಾಮಿಯವರು ಡಿ.ವಿ. ಗುಂಡಪ್ಪನವರ ಮಗ. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಓದಿದರು. ಆರ್ಕಿಡ್ ಗಿಡಗಳ ಭ್ರೂಣ ಬೆಳೆಯುವ ರೀತಿಯ ಬಗ್ಗೆ ಸಂಶೋಧನೆ ನಡೆಸಿದರು. ಮುಂದೆ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಇರ್ವಿಂಗ್ ಬೈಲಿ ಎಂಬ ಪ್ರಾಧ್ಯಾಪಕರ ಜೊತೆ ಕೆಲಸ ಮಾಡಿದರು. ಅಲ್ಲಿಂದ ಬಂದು ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿ, ಪ್ರಾಂಶುಪಾಲರೂ ಆದರು.

ಹಾರ್ವರ್ಡ್‌ನ ಅವರ ಒಂದು ಸಂಶೋಧನೆಯನ್ನು ಅಜ್ಜನಿಗೆ ಹೇಳುವುದಾದರೆ ಹೇಗೆ ಹೇಳಬೇಕು ಎಂದು ನಾನು ಯೋಚಿಸಿದೆ. ಬಿದಿರಿನ ಗಣ್ಣುಗಳನ್ನು ಒಳಗಿಂದ ಒಡೆದರೆ ಉದ್ದನೆಯ ಕೊಳವೆಯಾಗುತ್ತದೆ, ನೀರು ಸಲೀಸಾಗಿ ಹರಿಯುತ್ತದೆ. ಹೂಬಿಡುವ ಬಹುಪಾಲು ಗಿಡಗಳ ಕಾಂಡದಲ್ಲಿ ನೀರು ಮೇಲೇರುವುದು ಇಂಥ ಕೊಳವೆಗಳಲ್ಲಿ. ಪೈನ್‌ನಂಥ ಮರಗಳಲ್ಲಿ ಗಣ್ಣು ಒಡೆದಿರುವುದಿಲ್ಲ. ಪಕ್ಕದ ಗೋಡೆಯ ಸಣ್ಣ ಸಣ್ಣ ಕುಳಿಗಳ ಮೂಲಕ ನೀರು ಒಂದು ಕೋಶದಿಂದ ಇನ್ನೊಂದಕ್ಕೆ ಜಿನುಗಬೇಕು. ಸಾರ್ಕ್ಯಾಂಡ್ರ ಎಂಬ ಗಿಡ ಹೂಬಿಡುವ ಜಾತಿಯದ್ದಾದರೂ ಅದರಲ್ಲಿ ಕೊಳವೆಗಳಿಲ್ಲ ಎಂದು ಸ್ವಾಮಿ ಮತ್ತು ಬೈಲಿ 1950ರಲ್ಲಿ ಪ್ರಕಟಿಸಿದರು. ಹೂಬಿಡುವ ಗಿಡಗಳು ಹೇಗೆ ವಿಕಾಸವಾದವು ಎಂಬ ದೊಡ್ಡ ಪ್ರಶ್ನೆಗೆ ಇದೊಂದು ಸುಳಿವು. ಈ ಕುಲದ ಒಂದು ಪ್ರಭೇದಕ್ಕೆ ಸ್ವಾಮಿಯವರು ತಮ್ಮ ಗುರುವಿನ ಹೆಸರನ್ನೇ ಇಟ್ಟರು. 1987ರಲ್ಲಿ ಕಾರ್ಲ್‌ಕ್ವಿಸ್ಟ್ ಎಂಬ ವಿಜ್ಞಾನಿ ಅದೇ ಗಿಡದ ಬೇರಿನಲ್ಲಿ ಕೊಳವೆಗಳನ್ನು ಕಂಡರು. ವಿಜ್ಞಾನ ನಡೆಯುವುದೇ ಹಾಗೆ, ಒಬ್ಬರು ನಿಲ್ಲಿಸಿದಲ್ಲಿಂದ ಇನ್ನೊಬ್ಬರು ಮುಂದೆ ಹೋಗುತ್ತಾರೆ.

ಇಷ್ಟು ದೊಡ್ಡ ಸಂಶೋಧಕರು ವಿದೇಶಿ ಪತ್ರಿಕೆಗಳಿಗೆ ಬರೆದುಕೊಂಡು ಸುಮ್ಮನಿರಬಹುದಿತ್ತು. ಆದರೆ ಮದರಾಸಿನಲ್ಲಿ ಕುಳಿತು ಕನ್ನಡದಲ್ಲಿ ಬರೆದರು. ‘ಹಸಿರು ಹೊನ್ನು’ವಿನಲ್ಲಿ ವಿದ್ಯಾರ್ಥಿಗಳನ್ನು ಕಾಡಿಗೆ ಕರೆದುಕೊಂಡು ಹೋದ ಪ್ರವಾಸಗಳಿವೆ. ಬೆಟ್ಟ ಹತ್ತುವ ಸುಸ್ತು, ಊಟದ ಪಾಡು, ಹುಡುಗರ ತರಲೆ ಓದುತ್ತ ನಗುತ್ತಿರುವಾಗಲೇ ಗಿಡಗಳ ಗುಣ ತಲೆಗೆ ಹತ್ತಿರುತ್ತದೆ. ಚಿತ್ರಗಳನ್ನೂ ಅವರೇ ಬರೆದಿದ್ದಾರೆ. ಈ ಪುಸ್ತಕಕ್ಕೆ 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ‘ನಮ್ಮ ಹೊಟ್ಟೆಯಲ್ಲಿ ದಕ್ಷಿಣ ಅಮೆರಿಕಾ’ ಇನ್ನೊಂದು ಪುಸ್ತಕ. ನಾವು ದಿನಾ ತಿನ್ನುವ ಮೆಣಸಿನಕಾಯಿ, ಆಲೂಗಡ್ಡೆ ಸಾಗರ ದಾಟಿ ಬಂದ ಕತೆ ಅದರಲ್ಲಿದೆ. ನಮ್ಮ ಜಿಲ್ಲೆಯ ಹೊಲಗಳಲ್ಲಿ ತುಂಬಿರುವ ಮೆಕ್ಕೆಜೋಳವೂ ಅಮೆರಿಕ ಖಂಡದಿಂದಲೇ ಬಂದದ್ದು. ಸ್ವಾಮಿಯವರು 1980ರಲ್ಲಿ ತೀರಿಕೊಂಡರು.

ಅವರ ಪುಸ್ತಕಗಳಿಂದ ನಾನು ಕಲಿತದ್ದು ಇಷ್ಟು: ಕೇಳುವವರಿಗೆ ಗೊತ್ತಿರುವ ವಸ್ತುವಿನಿಂದ ಮಾತು ಶುರು ಮಾಡಬೇಕು. ಹೊಸ ಪದ ಬೇಕೇಬೇಕಾದರೆ ಮಾತ್ರ ತರಬೇಕು. ಇಂಟರ್‌ವ್ಯೂನಲ್ಲಿ ನಿಮ್ಮ ಪ್ರಾಜೆಕ್ಟ್ ವಿವರಿಸಿ ಎಂದಾಗ ತಡವರಿಸುವ ನಮ್ಮಂಥವರಿಗೆ ಇದು ಸಣ್ಣ ಪಾಠವಲ್ಲ.

ಮುಂಗಾರು ಬಿತ್ತನೆಯ ಹೊತ್ತಿಗೆ ಮತ್ತೆ ಊರಿಗೆ ಹೋದೆ. ಈ ಸಲ ಕಡ್ಡಿಯನ್ನು ಅಜ್ಜನ ಕೈಗೇ ಕೊಟ್ಟೆ. ನೀವು ಮಣ್ಣು ಹಿಡಿಯಲ್ಲಿ ಹಿಸುಕಿ ತೇವ ನೋಡುತ್ತೀರಲ್ಲ, ಆ ಕೆಲಸವನ್ನು ಇದು ಮಾಡುತ್ತೆ, ಒಣಗಿದರೆ ಮೋಟರ್ ಚಾಲೂ ಮಾಡುತ್ತೆ ಅಂದೆ. ಎಷ್ಟು ಆಳಕ್ಕೆ ಚುಚ್ಚುತ್ತೀಯ ಎಂದು ಅಜ್ಜ ಕೇಳಿದರು. ಎರಡು ಇಂಚು ಅಂದೆ. ಎರಡು ದಿನ ಬಿಸಿಲು ಬಿದ್ದರೆ ಮೇಲಿನ ಮಣ್ಣು ಒಣಗುತ್ತೆ, ಗೇಣು ಕೆಳಗೆ ಹಸಿ ಇರುತ್ತೆ, ಬೇರು ಇರುವುದೂ ಅಲ್ಲೇ, ನಿನ್ನ ಯಂತ್ರ ಸುಮ್ಮನೆ ನೀರು ಹಾಳು ಮಾಡುತ್ತೆ ಅಂದರು.

ನಾಲ್ಕು ತಿಂಗಳಿಂದ ನಮ್ಮ ತಂಡದಲ್ಲಿ ಯಾರಿಗೂ ಹೊಳೆಯದ ತಪ್ಪು ಅದು. ಯುಗಾದಿಯಲ್ಲೇ ಸರಿಯಾಗಿ ಹೇಳಿದ್ದರೆ ಅಂದೇ ತಿಳಿಯುತ್ತಿತ್ತು. ಈಗ ಕಡ್ಡಿಯನ್ನು ಒಂದು ಗೇಣು ಉದ್ದ ಮಾಡಿದ್ದೇವೆ.