ವಿನಾಶದ ವಸ್ತು, ಅಮೂರ್ತದ ಭಾಷೆ: ಕೆ.ಕೆ. ಹೆಬ್ಬಾರರ ಕಲಾಜೀವನ

ಆಧುನಿಕ ಭಾರತೀಯ ಚಿತ್ರಕಲೆಯ ಚರಿತ್ರೆಯಲ್ಲಿ ಕಟ್ಟಿಂಗೇರಿ ಕೃಷ್ಣ ಹೆಬ್ಬಾರರನ್ನು (1911–1996) ಸಾಮಾನ್ಯವಾಗಿ ರೇಖೆಯ ಕಲಾವಿದರೆಂದೇ ಗುರುತಿಸಲಾಗುತ್ತದೆ. ನರ್ತಕಿಯರು, ವಾದ್ಯಗಾರರು, ಕೋಳಿ ಅಂಕ, ಹಳ್ಳಿಯ ದುಡಿಮೆ ಮೊದಲಾದ ವಸ್ತುಗಳ ಮೂಲಕ ಅವರು ಬದುಕಿನ ಸಂಭ್ರಮವನ್ನು ಚಿತ್ರಿಸಿದರೆಂಬುದು ರೂಢಿಯ ಅಭಿಪ್ರಾಯ. ಆದರೆ ಈ ಗುರುತಿನ ನೆರಳಿನಲ್ಲಿ ಅವರ ಉತ್ತರಾರ್ಧದ ಅಮೂರ್ತ ಕೃತಿಗಳು ಮರೆಗೆ ಸರಿದಿವೆ. ಸಂಭ್ರಮದ ಕಲಾವಿದನೊಬ್ಬ ಹಸಿವು, ಯುದ್ಧ, ಪ್ರವಾಹಗಳ ಕಡೆಗೆ ಹೊರಳಿದ್ದೇಕೆ ಎಂಬುದು ಅವರ ಜೀವನವನ್ನು ಅರಿಯಲು ಮುಖ್ಯವಾದ ಪ್ರಶ್ನೆ.

ಹೆಬ್ಬಾರರು ಜನಿಸಿದ್ದು 1911ರ ಜೂನ್ 15ರಂದು, ಉಡುಪಿಯ ಸಮೀಪದ ಕಟ್ಟಿಂಗೇರಿಯಲ್ಲಿ. ಆಗ ಅದು ಮದ್ರಾಸು ಪ್ರಾಂತ್ಯಕ್ಕೆ ಸೇರಿದ ದಕ್ಷಿಣ ಕನ್ನಡ ಜಿಲ್ಲೆಯ ಭಾಗ. ಘಟ್ಟದ ಮೇಲಿನ ಕಳಸ, ಮೂಡಿಗೆರೆಗಳಲ್ಲಿರುವಂತೆಯೇ ಘಟ್ಟದ ಕೆಳಗಿನ ಈ ಊರಲ್ಲೂ ಬದುಕಿನ ಲಯವನ್ನು ನಿರ್ಧರಿಸುವುದು ಮಳೆಗಾಲ. ಮನೆಮಾತು ತುಳು, ಸುತ್ತಲಿನದು ಯಕ್ಷಗಾನ, ಭೂತಾರಾಧನೆಗಳ ಲೋಕ. ಬಣ್ಣ ಮತ್ತು ಚಲನೆ ಒಂದಾಗಿ ಬೆರೆಯುವ ಈ ಪರಿಸರ ಅವರ ದೃಶ್ಯಸಂವೇದನೆಯ ತಳಪಾಯವಾಯಿತು.

1930ರ ದಶಕದಲ್ಲಿ ಮುಂಬಯಿಗೆ ತೆರಳಿದ ಅವರು ಸರ್ ಜೆ.ಜೆ. ಕಲಾಶಾಲೆಯಲ್ಲಿ ಓದಿ, ಮುಂದೆ 1940ರಿಂದ 1945ರವರೆಗೆ ಅಲ್ಲಿಯೇ ಅಧ್ಯಾಪಕರಾದರು. ಶಾಲೆಯಲ್ಲಿ ದೊರೆತ ಪಾಶ್ಚಾತ್ಯ ಮಾದರಿಯ ಯಥಾರ್ಥ ಚಿತ್ರಣದ ತರಬೇತಿ ಅವರಿಗೆ ಸಾಲದಾಯಿತು. ಅಜಂತಾ, ಜೈನ ಹಸ್ತಪ್ರತಿ, ರಾಜಪುತ ಹಾಗೂ ಮೊಘಲ ಕಿರುಚಿತ್ರಗಳ ಕಡೆಗೆ ಅವರು ತಿರುಗಿದರು. ಅಮೃತಾ ಶೇರ್‌ಗಿಲ್ ಮತ್ತು ಪಾಲ್ ಗೊಗ್ಯಾನರ ಪ್ರಭಾವವೂ ಈ ಹಂತದಲ್ಲಿ ಕಾಣುತ್ತದೆ. ಕೇರಳ ಪ್ರವಾಸದ ಫಲವಾದ ಚಿತ್ರಗಳಲ್ಲಿ ಈ ಎಲ್ಲವೂ ಕೂಡಿಕೊಂಡಿವೆ.

1949–50ರ ಸುಮಾರಿಗೆ ಪ್ಯಾರಿಸ್ಸಿನ ಅಕಾಡೆಮಿ ಜೂಲಿಯನ್‌ನಲ್ಲಿ ನಡೆಸಿದ ಅಭ್ಯಾಸ ಮತ್ತು ಯೂರೋಪಿನ ಸಂಚಾರ ಅವರ ಕಲಾಜೀವನದ ಒಂದು ತಿರುವು. ಯುದ್ಧಾನಂತರದ ಯೂರೋಪು ಅಮೂರ್ತ ಕಲೆಯ ಕಡೆಗೆ ವೇಗವಾಗಿ ಸಾಗುತ್ತಿದ್ದ ಕಾಲವದು. ಆದರೂ ಹೆಬ್ಬಾರರು ಅಲ್ಲಿಂದ ಅಮೂರ್ತವನ್ನು ಸಿದ್ಧವಸ್ತುವಾಗಿ ತರಲಿಲ್ಲವೆಂಬುದು ಗಮನಾರ್ಹ. ಮುಂಬಯಿಯಲ್ಲಿ 1947ರಲ್ಲಿ ಹುಟ್ಟಿಕೊಂಡ ಪ್ರಗತಿಶೀಲ ಕಲಾವಿದರ ಗುಂಪಿಗೂ ಅವರು ಸೇರಿದವರಲ್ಲ. ಲಯದ ಒಳಗುಟ್ಟನ್ನು ಅರಿಯಲು ಅವರು ಹಿಡಿದ ದಾರಿ ಬೇರೆಯೇ: ಪಂಡಿತ್ ಸುಂದರ್ ಪ್ರಸಾದರಲ್ಲಿ ಕಥಕ್ ನೃತ್ಯವನ್ನು ಕಲಿತರು. ಹಾಡುವ ರೇಖೆಯೆಂದು ಹೆಸರಾದ ಅವರ ರೇಖಾಚಿತ್ರಗಳಲ್ಲಿ ದೇಹದ ಆಕಾರಕ್ಕಿಂತ ಚಲನೆಗೇ ಪ್ರಾಧಾನ್ಯ. ಆಕಾರವನ್ನು ಬಿಟ್ಟು ಚಲನೆಯನ್ನು ಉಳಿಸಿಕೊಳ್ಳುವ ಈ ಕ್ರಮದಲ್ಲಿಯೇ ಅಮೂರ್ತದ ಬೀಜವಿತ್ತು.

ಈ ಬೀಜ ಮೊಳೆಯಲು ಕಾರಣವಾದದ್ದು ಬದುಕಿನ ಕರಾಳ ಮುಖ. ಆರು ದಶಕಗಳ ಕಾಲ ಹೆಬ್ಬಾರರ ನೆಲೆಯಾಗಿದ್ದ ಮುಂಬಯಿ, ದೇಶವಿಭಜನೆಯ ನಿರಾಶ್ರಿತರನ್ನು, ಹಬ್ಬುತ್ತಿದ್ದ ಕೊಳೆಗೇರಿಗಳನ್ನು, 1982ರ ಮುಷ್ಕರದ ತರುವಾಯ ಒಂದೊಂದಾಗಿ ಮುಚ್ಚಿದ ಬಟ್ಟೆ ಗಿರಣಿಗಳನ್ನು ಕಂಡ ನಗರ. 1952ರ ‘ಹಂಗ್ರಿ ಸೋಲ್’ ಚಿತ್ರದಲ್ಲಿ ಹಸಿವೇ ಅವರ ವಸ್ತುವಾಯಿತು. ಮುಂದೆ ಯುದ್ಧ, ಪ್ರವಾಹ, ಬೆಂಕಿ, ಅಣುಸ್ಫೋಟಗಳಂಥ ವಿನಾಶದ ವಸ್ತುಗಳನ್ನು ಎತ್ತಿಕೊಂಡಂತೆ ಚಿತ್ರದ ಆಕೃತಿಗಳು ಕರಗುತ್ತಾ ಹೋದವು. ಬಣ್ಣದ ದಪ್ಪ ಪದರಗಳು ಮುಂದೆ ಬಂದವು. ಈ ಕೃತಿಗಳನ್ನು ಯಾವುದೋ ಒಂದು ಬೀದಿಯ ಅಥವಾ ಒಂದು ದುರಂತದ ದಾಖಲೆಯೆಂದು ಓದಲಾಗದು. ಸಾಮೂಹಿಕ ಯಾತನೆಗೆ ಒಂದೇ ಮುಖವನ್ನು ಕೊಡಲು ಸಾಧ್ಯವಿಲ್ಲದಾಗ ಮುಖವನ್ನೇ ಬಿಟ್ಟುಕೊಡುವುದು ಇಲ್ಲಿನ ಅಮೂರ್ತದ ತರ್ಕ.

ಕನ್ನಡ ಸಾಹಿತ್ಯದ ಘಟ್ಟಗಳೊಂದಿಗೆ ಹೋಲಿಸಿದರೆ ಈ ಪಯಣದ ವೈಶಿಷ್ಟ್ಯ ಸ್ಪಷ್ಟವಾಗುತ್ತದೆ. ಕೇರಳದ ಚಿತ್ರಗಳಲ್ಲಿ ನವೋದಯದ ಸೌಂದರ್ಯಪ್ರಜ್ಞೆಯನ್ನೂ ಹಸಿವಿನ ಚಿತ್ರದಲ್ಲಿ ಪ್ರಗತಿಶೀಲರ ಸಾಮಾಜಿಕ ಕಾಳಜಿಯನ್ನೂ ಗುರುತಿಸಬಹುದು. ಅದೇ ಕರಾವಳಿಯ ಮೊಗೇರಿಯಲ್ಲಿ ಹುಟ್ಟಿದ ಗೋಪಾಲಕೃಷ್ಣ ಅಡಿಗರ ಮುಂದಾಳತ್ವದಲ್ಲಿ ಬೆಳೆದ ನವ್ಯವು ಬಹುಮಟ್ಟಿಗೆ ವ್ಯಕ್ತಿಯ ಅಂತರಂಗವನ್ನು ಕೇಂದ್ರವಾಗಿಸಿಕೊಂಡಿತು. ಹೆಬ್ಬಾರರಾದರೋ ರೂಪದಲ್ಲಿ ನವ್ಯರಿಗೆ ಸಮೀಪವಾದಷ್ಟೂ ವಸ್ತುವಿನಲ್ಲಿ ಸಮುದಾಯದ ಕಡೆಗೇ ಉಳಿದರು. ಅಮೂರ್ತ ಕಲೆ ಲೋಕವಿಮುಖವೆಂಬ ಸಾಮಾನ್ಯ ಗ್ರಹಿಕೆಯನ್ನು ಅವರ ಕೃತಿಗಳು ಪ್ರಶ್ನಿಸುವುದು ಈ ನೆಲೆಯಲ್ಲಿ.

1961ರಲ್ಲಿ ಪದ್ಮಶ್ರೀ, 1989ರಲ್ಲಿ ಪದ್ಮಭೂಷಣ ಪ್ರಶಸ್ತಿಗಳು ಅವರಿಗೆ ಸಂದವು. 1996ರ ಮಾರ್ಚ್ 26ರಂದು ಮುಂಬಯಿಯಲ್ಲಿ ಅವರು ನಿಧನರಾದರು. ಅವರು ಕೊಡುಗೆಯಾಗಿತ್ತ ಕೃತಿಗಳ ಸಂಗ್ರಹ ಬೆಂಗಳೂರಿನ ಕರ್ನಾಟಕ ಚಿತ್ರಕಲಾ ಪರಿಷತ್ತಿನಲ್ಲಿದೆ. ನರ್ತಿಸುವ ರೇಖೆಗಳನ್ನೂ ಆಕೃತಿ ಕಳಚಿಕೊಂಡ ಬಣ್ಣದ ಪದರಗಳನ್ನೂ ಒಟ್ಟಿಗೆ ಇಟ್ಟು ನೋಡಿದಾಗ ಮಾತ್ರ ಹೆಬ್ಬಾರರ ವ್ಯಕ್ತಿತ್ವ ಪೂರ್ಣವಾಗುತ್ತದೆ. ಬದುಕಿನ ಲಯವನ್ನು ಅಷ್ಟು ಆಳವಾಗಿ ಪ್ರೀತಿಸಿದ್ದರಿಂದಲೇ ಆ ಲಯ ಮುರಿದುಬೀಳುವುದನ್ನು ಅವರು ನೋಡದೆ ಬಿಡಲಿಲ್ಲ.