ಚಹಾಗೃಹದ ಶಿಲ್ಪಿ ಮ್ಯಾಕಿಂಟಾಷ್

ಚಿತ್ರಶಾಲೆಯ ಹೊಸಿಲು ತುಳಿಯುವವರು ಯಾವ ಊರಿನಲ್ಲಿಯೂ ಕೆಲವೇ ಮಂದಿ. ಹೋಟಲಿನ ಮೆಟ್ಟಿಲು ಹತ್ತುವವರು ಬಹುಮಂದಿ. ಹೀಗಿದ್ದರೂ ಹೋಟಲಿನ ಗೋಡೆ, ಕುರ್ಚಿ, ದೀಪಗಳನ್ನು ನಿಜವಾದ ಕಲಾವಿದನೊಬ್ಬನ ಕೈಗೆ ಒಪ್ಪಿಸಿ ಸುಮ್ಮನಿರುವ ಧೈರ್ಯ ಎಷ್ಟು ಮಾಲೀಕರಿಗಿದೆ? ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಅಂಥ ಧೈರ್ಯವುಳ್ಳ ಮಹಿಳೆಯೊಬ್ಬಳಿದ್ದಳು. ಆಕೆ ಇಪ್ಪತ್ತು ವರ್ಷ ನಂಬಿದ ಕಲಾವಿದನೇ ಚಾರ್ಲ್ಸ್ ರೆನಿ ಮ್ಯಾಕಿಂಟಾಷ್. ವಾಸ್ತುಶಿಲ್ಪದ ಚರಿತ್ರೆಯನ್ನು ಇಂದು ಆತನ ಹೆಸರು ಬಿಟ್ಟು ಬರೆಯುವಂತಿಲ್ಲ. ಆದರೆ ಆತನು ಕಣ್ಣು ಮುಚ್ಚುವ ಹೊತ್ತಿಗೆ ಹುಟ್ಟಿದೂರೇ ಆತನನ್ನು ಬಹುಮಟ್ಟಿಗೆ ಮರೆತಿತ್ತು.

ಮ್ಯಾಕಿಂಟಾಷ್ ಹುಟ್ಟಿದುದು 1868ನೆಯ ಇಸವಿ ಜೂನ್ 7ರಂದು. ತಂದೆ ಪೋಲೀಸ್ ಇಲಾಖೆಯ ನೌಕರ. ಹನ್ನೊಂದು ಮಕ್ಕಳ ಸಂಸಾರದಲ್ಲಿ ಈತನು ನಾಲ್ಕನೆಯವನು. ಒಂದು ಪಾದ ಸೊಟ್ಟಗಿದ್ದುದರಿಂದ ಕುಂಟುತ್ತ ನಡೆಯಬೇಕಾಗಿತ್ತು. ಬಾಲ್ಯದಿಂದಲೂ ಹೂವು ಗಿಡಗಳ ಚಿತ್ರ ಬರೆಯುವುದೆಂದರೆ ಪ್ರಾಣ. ಆ ಹವ್ಯಾಸವು ಕೊನೆಯವರೆಗೂ ಬಿಡಲಿಲ್ಲ. ಹದಿನಾರನೆಯ ವಯಸ್ಸಿನಲ್ಲಿ ಶಿಲ್ಪಿಯೊಬ್ಬನ ಬಳಿ ಕೆಲಸ ಕಲಿಯಲು ಸೇರಿ, ಹಗಲೆಲ್ಲ ನಕ್ಷೆ ತೆಗೆದು, ಸಂಜೆ ಗ್ಲಾಸ್ಗೋ ಕಲಾಶಾಲೆಯ ತರಗತಿಗಳಲ್ಲಿ ಕುಳಿತನು. 1889ರಲ್ಲಿ ಹನಿಮನ್ ಮತ್ತು ಕೆಪ್ಪಿ ಎಂಬ ವಾಸ್ತುಶಿಲ್ಪ ಸಂಸ್ಥೆಯಲ್ಲಿ ನೌಕರಿ ದೊರೆಯಿತು. ಕಲಾಶಾಲೆಗೆ ಹೊಸ ಕಟ್ಟಡವನ್ನು ಕಟ್ಟಿಸಲು 1896ರಲ್ಲಿ ಸ್ಪರ್ಧೆ ನಡೆದಾಗ ಗೆದ್ದುದು ಈತನ ನಕ್ಷೆಯೇ. ಆದರೆ ಗೆದ್ದ ಹೆಸರು ಸಂಸ್ಥೆಯದು.

ಆ ಶಾಲೆಯಲ್ಲಿಯೇ ಮಾರ್ಗರೆಟ್ ಮ್ಯಾಕ್‌ಡೊನಾಲ್ಡ್ ಎಂಬ ಚಿತ್ರಗಾರ್ತಿಯ ಪರಿಚಯವಾಯಿತು. ಆಕೆ, ಆಕೆಯ ತಂಗಿ ಫ್ರಾನ್ಸಿಸ್, ಗೆಳೆಯ ಹರ್ಬರ್ಟ್ ಮ್ಯಾಕ್‌ನೇರ್, ಮ್ಯಾಕಿಂಟಾಷ್ ಈ ನಾಲ್ವರೂ ಒಂದೇ ಮನಸ್ಸಿನಿಂದ ಹೊಸ ಮಾರ್ಗವೊಂದನ್ನು ಹುಡುಕಿದರು. ನೀಳವಾಗಿ ಬಳುಕುವ ಇವರ ಸ್ತ್ರೀರೂಪಗಳನ್ನು ಕಂಡು ಜನರು ದೆವ್ವದ ಚಿತ್ರಗಳೆಂದು ನಕ್ಕರು. ಮಾರ್ಗರೆಟ್ 1900ರಲ್ಲಿ ಮ್ಯಾಕಿಂಟಾಷನ ಕೈಹಿಡಿದಳು.

ಇನ್ನು ಆ ಧೈರ್ಯಶಾಲಿ ಮಹಿಳೆಯ ವಿಚಾರ. ಆಗಿನ ಗ್ಲಾಸ್ಗೋ ಹಡಗು ಕಟ್ಟುವ ಊರು, ಹೊಗೆಯ ಊರು, ಕುಡಿತವೂ ಹೆಚ್ಚಾಗಿದ್ದ ಊರು. ಪಾನನಿರೋಧದ ಮಾತು ಎಲ್ಲೆಲ್ಲಿಯೂ ಕೇಳುತ್ತಿತ್ತು. ಮರ್ಯಾದಸ್ಥ ಹೆಂಗಸರು ಪೇಟೆಗೆ ಬಂದರೆ ಕುಳಿತು ದಣಿವಾರಿಸಿಕೊಳ್ಳುವ ಸ್ಥಳಗಳು ತೀರ ವಿರಳ. ಚಹದ ವ್ಯಾಪಾರಿಯೊಬ್ಬನ ತಂಗಿಯಾದ ಕ್ಯಾಥರೀನ್ ಕ್ರಾನ್‌ಸ್ಟನ್ 1878ರಲ್ಲಿ ತನ್ನ ಮೊದಲ ಚಹಾಗೃಹವನ್ನು ತೆರೆದಳು. ಮದುವೆಯಾದ ಮೇಲೂ ವ್ಯವಹಾರದಲ್ಲಿ ಆಕೆ ಮಿಸ್ ಕ್ರಾನ್‌ಸ್ಟನ್ನಳೇ. ಉಡುಪಿನಲ್ಲಿ ಮಾತ್ರ ಅಜ್ಜಿಯ ಕಾಲದವಳು. ನೆರಿಗೆ ನೆರಿಗೆಯ ಹಳೆಯ ಲಂಗವನ್ನೇ ಉಡುತ್ತಿದ್ದಳು. ಇಂಥವಳ ಕಣ್ಣಿಗೆ ಊರಿನ ಅತ್ಯಂತ ಹೊಸ ಕಲೆ ಹಿಡಿಸಿತೆಂಬುದು ನನಗೆ ಇಂದಿಗೂ ಸೋಜಿಗ.

ಮೊದಲು ಆಕೆ ಕೊಟ್ಟದ್ದು ಸಣ್ಣ ಕೆಲಸ: ಬುಕಾನನ್ ಬೀದಿಯ ಗೃಹದ ಗೋಡೆಗಳಿಗೆ ಚಿತ್ರ. ಅಲ್ಲಿ ಪೀಠೋಪಕರಣಗಳು ಬೇರೊಬ್ಬನವು. ಮುಂದೆ ಆರ್ಗೈಲ್ ಬೀದಿಯಲ್ಲಿ ಗೋಡೆ ಬೇರೊಬ್ಬನದು, ಕುರ್ಚಿಗಳು ಮ್ಯಾಕಿಂಟಾಷನವು. ಎತ್ತರದ ಬೆನ್ನಿನ, ತಲೆಯ ಬಳಿ ಮೊಟ್ಟೆಯಾಕಾರದ ಹಲಗೆಯಲ್ಲಿ ಹಾರುವ ಹಕ್ಕಿಯ ರೂಪವನ್ನು ಕೊರೆದ ಪ್ರಸಿದ್ಧ ಕುರ್ಚಿ ಹುಟ್ಟಿದುದು ಅಲ್ಲಿಯೇ. 1900ರಲ್ಲಿ ಇಂಗ್ರಮ್ ಬೀದಿಯ ಭೋಜನಶಾಲೆ ಪೂರ್ತಿಯಾಗಿ ದಂಪತಿಗಳ ಕೈಗೆ ಬಂದಿತು. ಅಲ್ಲಿಗಾಗಿ ಇಬ್ಬರೂ ಒಂದೊಂದು ದೊಡ್ಡ ಫಲಕವನ್ನು ರಚಿಸಿದರು. ಸಾಮಗ್ರಿಯೇನು? ಗೋಣಿತಟ್ಟು, ಹುರಿ, ಗಾರೆಯಂಥ ಲೇಪನ, ಗಾಜಿನ ಮಣಿ! ಆ ಫಲಕಗಳು ಹೋಟಲಿನ ಗೋಡೆಯಲ್ಲಿ ಶಾಶ್ವತವಾಗಿ ನಿಲ್ಲುವುದಕ್ಕೆ ಮೊದಲು ವಿಯೆನ್ನಾ ನಗರದ ಕಲಾಪ್ರದರ್ಶನಕ್ಕೆ ಹೋಗಿ ಅಲ್ಲಿನ ಕಲಾವಿದರ ಆದರವನ್ನು ಪಡೆದು ಬಂದವು.

ಎಲ್ಲಕ್ಕೂ ಮಿಗಿಲಾದುದು ಸಾಕೀಹಾಲ್ ಬೀದಿಯ ವಿಲೋ ಚಹಾಗೃಹ, 1903ರಲ್ಲಿ ತೆರೆದುದು. ಆ ಬೀದಿಯ ಹೆಸರಿನಲ್ಲಿಯೇ ನೀರಿನಂಚಿನ ವಿಲೋ ಮರವು ಅಡಗಿದೆ. ಮ್ಯಾಕಿಂಟಾಷ್ ಆ ಮರವನ್ನೇ ಮನೆಯೊಳಕ್ಕೆ ಕರೆತಂದನು. ಈ ಸಲ ಬೀದಿಯ ಮುಖಗೋಡೆಯಿಂದ ಹಿಡಿದು ಒಳಗಿನ ಕುರ್ಚಿಯವರೆಗೆ ಎಲ್ಲವೂ ಆತನದೇ ಕಲ್ಪನೆ. ಕೆಳಗೆ ಹೆಂಗಸರಿಗೆ ಬಿಳಿಯ ಚಹಾಕೋಣೆ, ಅದರ ಹಿಂದೆ ಊಟದ ಕೋಣೆ. ತುದಿಯಲ್ಲಿ ಗಂಡಸರಿಗೆ ಬಿಲಿಯರ್ಡ್ಸ್ ಆಟಕ್ಕೂ ಧೂಮಪಾನಕ್ಕೂ ಸ್ಥಳ. ಮೇಲ್ವಿಚಾರಕಿ ಕುಳಿತುಕೊಳ್ಳುವ ಕುರ್ಚಿಯ ಬಾಗಿದ ಬೆನ್ನಿಗೆ ಮರದ ಜಾಲರಿ. ಸ್ವಲ್ಪ ದೂರ ನಿಂತು ನೋಡಿದರೆ ಆ ಜಾಲರಿಯೇ ಕವಲೊಡೆದ ಒಂದು ಗಿಡ. ಮೊದಲ ಮಹಡಿಯ ವಿಶೇಷ ಕೋಣೆಯಲ್ಲಂತೂ ಬೆಳ್ಳಿಯ ಬಣ್ಣದ ಎತ್ತರದ ಕುರ್ಚಿಗಳು, ನೇರಿಳೆಯ ಮಖಮಲ್ಲು, ಸೀಸದ ಪಟ್ಟಿಗಳಲ್ಲಿ ಕೂಡಿಸಿದ ಕನ್ನಡಿಗಾಜು, ಗೋಡೆಯ ನಡುವೆ ರೊಸೆಟ್ಟಿ ಕವಿಯ ಪದ್ಯವೊಂದರಿಂದ ಸ್ಫೂರ್ತಿಗೊಂಡು ಮಾರ್ಗರೆಟ್ ರಚಿಸಿದ ಫಲಕ. ಚಹದ ಬೆಲೆ ಕೊಟ್ಟ ಯಾವ ಗುಮಾಸ್ತೆಯಾದರೂ ಇವುಗಳ ನಡುವೆ ಕುಳಿತುಕೊಳ್ಳಬಹುದಾಗಿತ್ತು. ಕುರ್ಚಿಗಳು ಬೆನ್ನಿಗೆ ಅಷ್ಟೇನೂ ಹಿತವಲ್ಲವೆಂಬ ದೂರು ಇದೆ. ಅದನ್ನು ಸುಳ್ಳೆನ್ನಲು ನಾನು ಸಿದ್ಧನಲ್ಲ.

ಬೇರೆಡೆ ಆತನಿಗೆ ಇಷ್ಟು ಸ್ವಾತಂತ್ರ್ಯವನ್ನು ಕೊಟ್ಟವರು ಅಪರೂಪ. ಹಟಮಾರಿಯೆಂಬ ಹೆಸರು ಬಂದಿತು. ಕೆಲಸ ಕಡಿಮೆಯಾಯಿತು, ಕುಡಿತ ಹೆಚ್ಚಾಯಿತು. ಪಾನನಿರೋಧದ ಕಾಲದ ಚಹಾಗೃಹಗಳನ್ನು ಸಿಂಗರಿಸಿದ ಕೈಗೇ ಬಟ್ಟಲು ಅಂಟಿಕೊಂಡಿತು. 1913ರಲ್ಲಿ ಸಂಸ್ಥೆಯನ್ನು ತೊರೆದು, ಮರುವರ್ಷ ಊರನ್ನೂ ತೊರೆದನು. ಇಂಗ್ಲೆಂಡಿನ ಕಡಲತೀರದ ಹಳ್ಳಿಯೊಂದರಲ್ಲಿ ಹೂವಿನ ಚಿತ್ರ ಬರೆಯುತ್ತಿದ್ದವನನ್ನು ಯುದ್ಧಕಾಲದ ಜನರು ಜರ್ಮನರ ಗೂಢಚಾರನೆಂದು ಸಂಶಯಿಸಿದರು. ಕಾರಣ, ಕತ್ತಲಲ್ಲಿ ತಿರುಗಾಡುತ್ತಿದ್ದನು; ವಿಯೆನ್ನಾದ ಗೆಳೆಯರ ಕಾಗದಗಳು ಮನೆಯಲ್ಲಿದ್ದವು. ಲಂಡನ್ನಿಗೆ ಹೋದ ಮೇಲೆ 1917ರಲ್ಲಿ ಮಿಸ್ ಕ್ರಾನ್‌ಸ್ಟನ್ ಮತ್ತೆ ಕೆಲಸ ಕಳುಹಿಸಿದಳು: ವಿಲೋ ಗೃಹದ ಕಿಟಕಿಯಿಲ್ಲದ ನೆಲಮಾಳಿಗೆಯನ್ನು ಚಹಾಕೋಣೆ ಮಾಡುವುದು. ಗ್ಲಾಸ್ಗೋಗಾಗಿ ಆತನು ಮಾಡಿದ ಕೊನೆಯ ಕೆಲಸವದು. ಅದೇ ವರ್ಷ ಆಕೆಯ ಗಂಡ ತೀರಿಕೊಂಡನು. ಆಕೆ ಕಪ್ಪು ಬಟ್ಟೆ ತೊಟ್ಟು, ಚಹಾಗೃಹಗಳನ್ನು ಮಾರುತ್ತ ಬಂದಳು.

1923ರಿಂದ ದಂಪತಿಗಳು ದಕ್ಷಿಣ ಫ್ರಾನ್ಸಿನಲ್ಲಿ ನೆಲೆಸಿದರು. ಕಟ್ಟಡ ಕಟ್ಟುವುದನ್ನು ಬಿಟ್ಟ ಮ್ಯಾಕಿಂಟಾಷ್ ಅಲ್ಲಿ ಬೆಟ್ಟ, ಬಂದರುಗಳ ಜಲವರ್ಣ ಚಿತ್ರಗಳನ್ನು ಬರೆದನು. ನಾಲಗೆಯ ಕ್ಯಾನ್ಸರ್ ಆತನನ್ನು ಲಂಡನ್ನಿಗೆ ಮರಳಿ ತಂದಿತು. 1928ರ ಡಿಸೆಂಬರ್ 10ರಂದು ಆತನು ತೀರಿಕೊಂಡನು, 1933ರಲ್ಲಿ ಮಾರ್ಗರೆಟ್. ಅವರ ಕಲಾಶಾಲೆಯಲ್ಲಿ ಉಳಿದಿದ್ದ ಚಿತ್ರ, ಪೀಠೋಪಕರಣಗಳಿಗೆಲ್ಲ ಸೇರಿಸಿ ಕಟ್ಟಿದ ಬೆಲೆ ಸುಮಾರು 88 ಪೌಂಡು.

ವಿಲೋ ಗೃಹವು ಬಟ್ಟೆಬರೆಗಳ ದೊಡ್ಡ ಮಳಿಗೆಯೊಂದರ ಭಾಗವಾಯಿತು. ಇಂಗ್ರಮ್ ಬೀದಿಯ ಕೋಣೆಗಳನ್ನು 1971ರಲ್ಲಿ ಕಳಚಿ ಉಗ್ರಾಣಕ್ಕೆ ಸಾಗಿಸಿದರು. ಅವುಗಳಲ್ಲೊಂದು 2018ರಲ್ಲಿ ಡಂಡೀ ನಗರದ ವಸ್ತುಸಂಗ್ರಹಾಲಯದಲ್ಲಿ ಮತ್ತೆ ನಿಂತಿತು. ಅದೇ ವರ್ಷದ ಜೂನ್ ತಿಂಗಳಲ್ಲಿ ಆತನ ಕಲಾಶಾಲೆಯ ಕಟ್ಟಡ ನಾಲ್ಕು ವರ್ಷದಲ್ಲಿ ಎರಡನೆಯ ಬಾರಿ ಬೆಂಕಿಗೆ ತುತ್ತಾಯಿತು. ವಿಲೋ ಗೃಹವನ್ನು ಮಾತ್ರ 2014ರಲ್ಲಿ ಒಂದು ಧರ್ಮಸಂಸ್ಥೆ ಕೊಂಡು, ಹಳೆಯ ಚಿತ್ರಪಟಗಳನ್ನು ಮುಂದಿಟ್ಟುಕೊಂಡು, ಕುರ್ಚಿಗಳನ್ನು ಮಾಡಿಸಿ ಜೀರ್ಣೋದ್ಧಾರ ಮಾಡಿತು. ಶಾಲೆ ಸುಟ್ಟ ಮರುತಿಂಗಳೇ ಚಹಾಗೃಹದ ಬಾಗಿಲು ತೆರೆಯಿತು. ಮಾರ್ಗರೆಟ್ಟಳ ಮೂಲ ಫಲಕವು ಊರಿನ ವಸ್ತುಸಂಗ್ರಹಾಲಯದಲ್ಲಿದೆ. ಬೆಳ್ಳಿಯ ಕುರ್ಚಿಗಳ ನಡುವೆ ಅದರ ಪ್ರತಿಯನ್ನು ನೋಡುತ್ತ ಜನರು ಚಹ ಕುಡಿಯುತ್ತಾರೆ.